ತಂಪು ಕಾಫಿ: ತಯಾರಿಕೆಯ ಮೂರು ವಿಧಾನಗಳು ಮತ್ತು ಬೀಜದ ಆಯ್ಕೆ

ದಕ್ಷಿಣ ಭಾರತದಲ್ಲಿ ಕಾಫಿ ಎಂದೊಡನೆ ನೆನಪಿಗೆ ಬರುವುದು ಹಬೆಯಾಡುವ ಲೋಟ. ಆದರೆ ಬೇಸಿಗೆಯಲ್ಲಿ ಉಷ್ಣತೆಯು 40 ಡಿಗ್ರಿ ಸೆಲ್ಸಿಯಸ್ ಸಮೀಪಿಸುವ, ಕೆಲವು ದಿನ ಅದನ್ನೂ ದಾಟುವ ಚೆನ್ನೈನಂತಹ ಕಡಲತೀರದ ನಗರದಲ್ಲಿ ತಂಪು ಕಾಫಿಗೂ ಈಗ ತನ್ನದೇ ಆದ ಸ್ಥಾನ ದೊರೆತಿದೆ. ಹೋಟೆಲುಗಳಲ್ಲಿ ಮಾತ್ರವಲ್ಲದೆ ಮನೆಗಳಲ್ಲಿಯೂ ಇದನ್ನು ತಯಾರಿಸುವವರು ಹೆಚ್ಚುತ್ತಿದ್ದಾರೆ.

ತಂಪು ಪಾನೀಯಕ್ಕೆ ಅಗತ್ಯವಾದ ಮಂಜುಗಡ್ಡೆಯು ಒಂದು ಕಾಲದಲ್ಲಿ ಈ ನಗರಕ್ಕೆ ಹಡಗಿನಲ್ಲಿ ಬರುತ್ತಿತ್ತು. ಅಮೆರಿಕದ ಕೆರೆಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರನ್ನು ಕತ್ತರಿಸಿ, ಮರದ ಹೊಟ್ಟಿನಲ್ಲಿ ಹುದುಗಿಸಿ, ಸಾವಿರಾರು ಮೈಲಿ ದೂರ ಸಾಗಿಸಲಾಗುತ್ತಿತ್ತು. ಅದನ್ನು ದಾಸ್ತಾನು ಮಾಡಲು 1842ರಲ್ಲಿ ಮದರಾಸಿನ ಕಡಲ ದಂಡೆಯಲ್ಲಿ ಕಟ್ಟಿದ ಐಸ್ ಹೌಸ್ ಕಟ್ಟಡವೇ ಇಂದಿನ ವಿವೇಕಾನಂದ ಭವನ. ಕಾಫಿಯಾದರೋ ಈ ನಗರಕ್ಕೆ ಬಹುಪಾಲು ಪಶ್ಚಿಮ ಘಟ್ಟದ ಕಡೆಯಿಂದ ಬಂದಿತು. ಅದನ್ನು ಜನಪ್ರಿಯಗೊಳಿಸಿದವರಲ್ಲಿ ಕನ್ನಡ ನಾಡಿನ ಹೋಟೆಲು ಉದ್ಯಮಿಗಳ ಪಾತ್ರ ದೊಡ್ಡದು. ಉಡುಪಿ ಸೀಮೆಯಿಂದ ಬಂದ ಕೆ. ಕೃಷ್ಣರಾವ್ ಅವರು 1938ರಲ್ಲಿ ರಾಯಪೇಟೆಯಲ್ಲಿ ಆರಂಭಿಸಿದ ವುಡ್‌ಲ್ಯಾಂಡ್ಸ್ ಹೋಟೆಲು ಇದಕ್ಕೆ ಪ್ರಸಿದ್ಧ ನಿದರ್ಶನ.

ತಂಪು ಕಾಫಿಯೆಂದರೆ ಬಿಸಿ ಕಾಫಿಯನ್ನು ಆರಿಸಿದ್ದು ಎಂಬ ಭಾವನೆ ಸಾಮಾನ್ಯವಾಗಿದೆ. ಇದು ಪೂರ್ಣವಾಗಿ ಸರಿಯಲ್ಲ. ತಂಪು ಯಾವ ಹಂತದಲ್ಲಿ ಕಾಫಿಯನ್ನು ಸೇರುತ್ತದೆ ಎಂಬುದರ ಮೇಲೆ ಪಾನೀಯದ ಗುಣವೇ ಬದಲಾಗುತ್ತದೆ. ಒಂದು ವಿಧಾನದಲ್ಲಿ ಉತ್ತಮವೆನಿಸುವ ಬೀಜವು ಮತ್ತೊಂದರಲ್ಲಿ ಸಪ್ಪೆಯಾಗಬಹುದು. ದುಬಾರಿ ಪುಡಿ ವ್ಯರ್ಥವಾಗಬಹುದು. ಅಲ್ಲದೆ, ಕುದಿಯುವ ನೀರಿನಿಂದ ದೊರೆಯುವ ರಕ್ಷಣೆಯು ತಣ್ಣನೆಯ ವಿಧಾನಗಳಲ್ಲಿ ಇರುವುದಿಲ್ಲ. ಆದುದರಿಂದ ವಿಧಾನ, ಬೀಜ ಮತ್ತು ಶುಚಿತ್ವ ಈ ಮೂರನ್ನೂ ಒಟ್ಟಾಗಿ ಅರಿಯುವುದು ಅಗತ್ಯ.

ಶಾಖದ ಪಾತ್ರ

ಹುರಿದ ಕಾಫಿ ಬೀಜದಲ್ಲಿ ನೀರಿನಲ್ಲಿ ಕರಗಬಲ್ಲ ಅಂಶವು ತೂಕದ ಸುಮಾರು ಶೇಕಡಾ 30ರಷ್ಟು ಮಾತ್ರ. ಉಳಿದದ್ದು ಬಹುಪಾಲು ನಾರು. ಕರಗುವ ಅಂಶದಲ್ಲಿ ಹುಳಿ ನೀಡುವ ಆಮ್ಲಗಳು, ಸಕ್ಕರೆಯ ರೂಪಾಂತರಗಳು, ಕೆಫೀನ್, ಕಹಿ ಮತ್ತು ಒಗರಿನ ಪದಾರ್ಥಗಳು ಸೇರಿವೆ. ಪರಿಮಳಕ್ಕೆ ಕಾರಣವಾದ ಆವಿಶೀಲ ವಸ್ತುಗಳು ಪ್ರಮಾಣದಲ್ಲಿ ಅತ್ಯಲ್ಪವಾದರೂ ಕಾಫಿಗೆ ಅವೇ ಜೀವಾಳ.

ಸುಮಾರು 90ರಿಂದ 95 ಡಿಗ್ರಿ ಉಷ್ಣತೆಯ ನೀರು ಈ ಅಂಶಗಳನ್ನು ಕೆಲವೇ ನಿಮಿಷಗಳಲ್ಲಿ ಹೊರತೆಗೆಯುತ್ತದೆ. ತಣ್ಣೀರಿಗೆ ಅದೇ ಕೆಲಸಕ್ಕೆ 12 ಗಂಟೆಗೂ ಹೆಚ್ಚು ಕಾಲ ಬೇಕು. ಅಷ್ಟಾದರೂ ಎಲ್ಲ ಅಂಶಗಳೂ ಒಂದೇ ಪ್ರಮಾಣದಲ್ಲಿ ಬರುವುದಿಲ್ಲ. ಕೆಫೀನ್ ತಣ್ಣೀರಿನಲ್ಲಿಯೂ ಸಾಕಷ್ಟು ಕರಗುತ್ತದೆ. ಆದರೆ ಕೆಲವು ಆಮ್ಲಗಳು, ಕಹಿ ಪದಾರ್ಥಗಳು ಮತ್ತು ಎಣ್ಣೆಯ ಅಂಶ ಕಡಿಮೆ ಬರುತ್ತವೆ. ಇದರಿಂದ ತಣ್ಣೀರಿನ ಕಾಫಿಯು ಮೃದುವಾಗಿಯೂ ತುಸು ಸಿಹಿಯಾಗಿಯೂ ತೋರುತ್ತದೆ. ಆದರೆ ಅದರ ಪರಿಮಳ ಬಿಸಿ ಕಾಫಿಯಷ್ಟು ಎದ್ದು ಬರುವುದಿಲ್ಲ.

ಮತ್ತೊಂದು ಸಂಗತಿ ನಾಲಗೆಗೆ ಸಂಬಂಧಿಸಿದ್ದು. ತಣ್ಣನೆಯ ಪಾನೀಯದಲ್ಲಿ ಸಿಹಿಯು ಮಂದವಾಗಿ ಅನುಭವಕ್ಕೆ ಬರುತ್ತದೆ, ಪರಿಮಳವೂ ಕಡಿಮೆ ಆವಿಯಾಗುತ್ತದೆ. ಬಿಸಿಯಾಗಿದ್ದಾಗ ಹದವಾಗಿದ್ದ ಕಾಫಿಯು ತಂಪಾದಾಗ ತೆಳುವಾಗಿ ತೋರುವುದಕ್ಕೆ ಇದೂ ಒಂದು ಕಾರಣ.

ಮೊದಲನೆಯ ವಿಧಾನ: ಡಿಕಾಕ್ಷನ್ ತಂಪುಗೊಳಿಸುವುದು

ಮನೆಮನೆಯಲ್ಲಿ ಇರುವ ಎರಡು ಅಂಕಣದ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರೇ ಈ ವಿಧಾನದ ಸಾಧನ. ಮೇಲಿನ ಪಾತ್ರೆಯಲ್ಲಿ ಪುಡಿಯನ್ನು ಹಾಕಿ, ಒತ್ತುತಟ್ಟೆಯನ್ನಿಟ್ಟು, ಕುದಿದು ಇಳಿಸಿದ ನೀರನ್ನು ಸುರಿಯಲಾಗುತ್ತದೆ. ನೀರು ಹನಿಹನಿಯಾಗಿ ಇಳಿದು ಗಟ್ಟಿ ಡಿಕಾಕ್ಷನ್ ಆಗುತ್ತದೆ. ಇದನ್ನು ಮುಚ್ಚಿ ತಂಪುಗೊಳಿಸಿ, ಕಾಯಿಸಿ ಆರಿಸಿದ ತಣ್ಣನೆಯ ಹಾಲು ಮತ್ತು ಮಂಜುಗಡ್ಡೆಯೊಡನೆ ಬೆರೆಸಿದರೆ ಹಾಲಿನ ತಂಪು ಕಾಫಿ ಸಿದ್ಧವಾಗುತ್ತದೆ.

ಇಲ್ಲಿ ಬಹುತೇಕರು ಎಡವುವುದು ಮಂಜುಗಡ್ಡೆಯ ಲೆಕ್ಕದಲ್ಲಿ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಶಾಖವನ್ನು ಹೀರುತ್ತದೆ. ಕರಗಿದ ನೀರು 5 ಡಿಗ್ರಿಗೆ ಏರಲು ಇನ್ನೂ 5 ಕ್ಯಾಲೊರಿ ಬೇಕು. 90 ಡಿಗ್ರಿಯಲ್ಲಿರುವ 100 ಮಿಲಿಲೀಟರ್ ಡಿಕಾಕ್ಷನ್ನನ್ನು 5 ಡಿಗ್ರಿಗೆ ಇಳಿಸಲು 8,500 ಕ್ಯಾಲೊರಿ ಶಾಖವನ್ನು ತೆಗೆಯಬೇಕು. ಅಂದರೆ 100 ಗ್ರಾಂ ಮಂಜುಗಡ್ಡೆ ಪೂರ್ತಿ ಕರಗಬೇಕು. ಡಿಕಾಕ್ಷನ್ನಿನಷ್ಟೇ ನೀರು ಅದರೊಳಗೆ ಸೇರಿಬಿಡುತ್ತದೆ. ಅದೇ ಡಿಕಾಕ್ಷನ್ನನ್ನು ಮೊದಲು 35 ಡಿಗ್ರಿಯವರೆಗೆ ಆರಿಸಿದ್ದರೆ ಸುಮಾರು 35 ಗ್ರಾಂ ಮಂಜುಗಡ್ಡೆ ಸಾಕು. ಫ್ರಿಜ್‌ನಲ್ಲಿಟ್ಟು ತಂಪುಗೊಳಿಸಿದ್ದರೆ ಇನ್ನೂ ಕಡಿಮೆ.

ಹಾಗೆಂದು ಡಿಕಾಕ್ಷನ್ನನ್ನು ಗಂಟೆಗಟ್ಟಲೆ ತೆರೆದಿಡಬಾರದು. ನಿಧಾನವಾಗಿ ಆರುವ ಕಾಫಿಯಲ್ಲಿ ಪರಿಮಳ ಹಾರಿಹೋಗಿ, ಒರಟಾದ ಹುಳಿ ಮತ್ತು ಒಗರು ಹೆಚ್ಚುತ್ತವೆ. ಪಾತ್ರೆಯನ್ನು ಮುಚ್ಚಿ ತಣ್ಣೀರಿನ ಬೋಗುಣಿಯಲ್ಲಿಟ್ಟರೆ ಹತ್ತು ಹದಿನೈದು ನಿಮಿಷಗಳಲ್ಲಿ ಅದು ಆರುತ್ತದೆ. ಅನಂತರ ಫ್ರಿಜ್‌ಗೆ ವರ್ಗಾಯಿಸಬಹುದು. ಸಕ್ಕರೆಯನ್ನು ಡಿಕಾಕ್ಷನ್ ಬಿಸಿಯಾಗಿರುವಾಗಲೇ ಕರಗಿಸಬೇಕು. ತಣ್ಣನೆಯ ದ್ರವದಲ್ಲಿ ಅದು ಬೇಗ ಕರಗದೆ ತಳದಲ್ಲಿ ಉಳಿಯುತ್ತದೆ.

ಎರಡನೆಯ ವಿಧಾನ: ಮಂಜುಗಡ್ಡೆಯ ಮೇಲೆ ಬಿಸಿ ಕಾಫಿ

ಈ ವಿಧಾನದಲ್ಲಿ ಕಾಗದದ ಸೋಸುಕವನ್ನು ಶಂಕುವಿನಾಕಾರದ ಪಾತ್ರೆಯಲ್ಲಿ ಇರಿಸಿ, ಅದರಲ್ಲಿ ಪುಡಿ ಹಾಕಿ, ಬಿಸಿನೀರನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯಲಾಗುತ್ತದೆ. ಕೆಳಗಿನ ಪಾತ್ರೆಯಲ್ಲಿ ಮಂಜುಗಡ್ಡೆಯಿರುತ್ತದೆ. ಇಳಿದ ಕಾಫಿ ಕ್ಷಣಾರ್ಧದಲ್ಲಿ ತಂಪಾಗುತ್ತದೆ. ಜಪಾನಿನಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಈ ಕ್ರಮವು ಈಚಿನ ವರ್ಷಗಳಲ್ಲಿ ನಮ್ಮ ನಗರಗಳ ಕಾಫಿ ಮಂದಿರಗಳಿಗೂ ಬಂದಿದೆ.

ಬಿಸಿನೀರಿನಿಂದ ತೆಗೆದ ಪರಿಮಳ ಹಾರಿಹೋಗುವ ಮುನ್ನವೇ ತಂಪಿನಲ್ಲಿ ಹಿಡಿದಿಡುವುದು ಇದರ ವಿಶೇಷ. ಬೀಜದ ಹಣ್ಣಿನಂತಹ ಹುಳಿ, ಹೂವಿನಂತಹ ಕಂಪು ಇದರಲ್ಲಿ ಸ್ಪಷ್ಟವಾಗಿ ತೋರುತ್ತವೆ. ಇದನ್ನು ಹಾಲಿಲ್ಲದೆ ಕುಡಿಯುವುದೇ ವಾಡಿಕೆ.

ಈ ವಿಧಾನದಲ್ಲಿ ಮಂಜುಗಡ್ಡೆಯನ್ನೂ ನೀರಿನ ಲೆಕ್ಕಕ್ಕೆ ಸೇರಿಸಬೇಕು. 30 ಗ್ರಾಂ ಪುಡಿಗೆ 300 ಮಿಲಿಲೀಟರ್ ಬಿಸಿನೀರು ಮತ್ತು 200 ಗ್ರಾಂ ಮಂಜುಗಡ್ಡೆ ಒಂದು ಉತ್ತಮ ಅಳತೆ. ಪುಡಿಯು ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದುಕೊಳ್ಳುವುದರಿಂದ ಕೆಳಗಿಳಿಯುವುದು 240 ಮಿಲಿಲೀಟರ್. ಅದು ಮಂಜುಗಡ್ಡೆಯನ್ನು ಬಹುಪಾಲು ಕರಗಿಸಿ, ತಾನು 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಮೂರು ಲೋಟ ಕಾಫಿ ಐದಾರು ನಿಮಿಷಗಳಲ್ಲಿ ದೊರೆಯುತ್ತದೆ. ಇದನ್ನು ಆಗಿಂದಾಗ್ಗೆ ಮಾಡಿ ಕುಡಿಯಬೇಕು. ಮರುದಿನಕ್ಕೆ ಇಡುವುದು ತರವಲ್ಲ.

ಮೂರನೆಯ ವಿಧಾನ: ತಣ್ಣೀರಿನಲ್ಲಿ ನೆನೆಸುವುದು

'ಕೋಲ್ಡ್ ಬ್ರೂ' ಎಂದು ಮಾರುಕಟ್ಟೆಯಲ್ಲಿ ಕರೆಯಲಾಗುವ ಈ ವಿಧಾನದಲ್ಲಿ ಶಾಖದ ಬಳಕೆಯೇ ಇಲ್ಲ. ತರಿತರಿಯಾದ ಪುಡಿಯನ್ನು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಸಿ ಸೋಸಲಾಗುತ್ತದೆ. 100 ಗ್ರಾಂ ಪುಡಿಗೆ 800 ಮಿಲಿಲೀಟರ್ ನೀರು ಹಾಕಿ, ಮುಚ್ಚಿದ ಗಾಜಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ, ಫ್ರಿಜ್‌ನೊಳಗೆ 16 ಗಂಟೆಗಳ ಕಾಲ ಇಡಬೇಕು. ಸಂಜೆ ಆರಕ್ಕೆ ನೆನೆಸಿದರೆ ಮರುದಿನ ಬೆಳಿಗ್ಗೆ ಹತ್ತಕ್ಕೆ ಸೋಸಬಹುದು. ಮೊದಲು ಕುದಿಸಿ ಒಣಗಿಸಿದ ಬಟ್ಟೆಯಲ್ಲಿ, ಅನಂತರ ಕಾಗದದ ಸೋಸುಕದಲ್ಲಿ ಸೋಸಿದರೆ ತಿಳಿಯಾದ ಗಟ್ಟಿ ರಸ ಸುಮಾರು 600 ಮಿಲಿಲೀಟರ್ ದೊರೆಯುತ್ತದೆ. ಕುಡಿಯುವಾಗ ಅದಕ್ಕೆ ಸಮಪ್ರಮಾಣದ ನೀರು ಅಥವಾ ಹಾಲನ್ನು ಸೇರಿಸಬೇಕು.

ನೆನೆಸುವ ಅವಧಿಯನ್ನು 24 ಗಂಟೆಗಿಂತ ಹೆಚ್ಚು ವಿಸ್ತರಿಸುವುದರಿಂದ ಲಾಭವಿಲ್ಲ. ಮರದ ತೊಗಟೆಯಂತಹ ರುಚಿ ಸೇರಿಕೊಳ್ಳುತ್ತದೆ. ಪುಡಿ ನುಣ್ಣಗಿದ್ದರೆ ಸೋಸುವುದು ಕಷ್ಟವಾಗಿ ಪಾನೀಯ ಕಲಕಲಾಗುತ್ತದೆ. ಈ ವಿಧಾನಕ್ಕೆ ಪುಡಿಯ ಖರ್ಚೂ ಅಧಿಕ. ಮೇಲಿನ ಅಳತೆಯಲ್ಲಿ 150 ಮಿಲಿಲೀಟರಿನ ಎಂಟು ಲೋಟಗಳಾಗುತ್ತವೆ. ಲೋಟವೊಂದಕ್ಕೆ ಹನ್ನೆರಡೂವರೆ ಗ್ರಾಂ ಪುಡಿ ಬೀಳುತ್ತದೆ.

ಬೀಜದ ಆಯ್ಕೆ

ಭಾರತದಲ್ಲಿ ಬೆಳೆಯುವ ಕಾಫಿಯ ಸುಮಾರು ಶೇಕಡಾ 70 ಭಾಗ ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳು ಇದರ ನೆಲೆ. ಚೆನ್ನೈನ ಬಳಕೆದಾರರಿಗೆ ಇವುಗಳ ಜೊತೆಗೆ ತಮಿಳುನಾಡಿನ ನೀಲಗಿರಿ, ಶೆವರಾಯ್ ಮತ್ತು ಪಳನಿ ಬೆಟ್ಟಗಳ ಕಾಫಿಯೂ ದೊರೆಯುತ್ತದೆ.

ಬೆಳೆಯುವ ತಳಿಗಳು ಮುಖ್ಯವಾಗಿ ಎರಡು. ಸಮುದ್ರಮಟ್ಟದಿಂದ 1,000 ಮೀಟರ್‌ಗೂ ಮೇಲಿನ ನೆರಳು ತೋಟಗಳಲ್ಲಿ ಚೆನ್ನಾಗಿ ಬರುವ ಅರೇಬಿಕಾ ಪರಿಮಳಕ್ಕೂ ನವಿರಾದ ಹುಳಿಗೂ ಹೆಸರಾದುದು. ಅದಕ್ಕಿಂತ ಕೆಳಗಿನ ಪ್ರದೇಶಗಳಲ್ಲಿ ಬೆಳೆಯುವ ರೋಬಸ್ಟಾ ಗಟ್ಟಿತನಕ್ಕೂ ಕಹಿಗೂ ಹೆಸರಾದುದು. ರೋಬಸ್ಟಾದಲ್ಲಿ ಕೆಫೀನ್ ಅಂಶವು ಅರೇಬಿಕಾದ ಸುಮಾರು ಇಮ್ಮಡಿ.

ಹಣ್ಣಿನ ಸಂಸ್ಕರಣೆಯೂ ಅಷ್ಟೇ ಮುಖ್ಯ. ಹಣ್ಣಿನ ಸಿಪ್ಪೆ ಬಿಡಿಸಿ, ಲೋಳೆ ತೊಳೆದು ಒಣಗಿಸಿದ ಬೀಜವನ್ನು ಪಾರ್ಚ್‌ಮೆಂಟ್ ಎನ್ನುತ್ತಾರೆ. ಹೀಗೆ ತೊಳೆದ ಅರೇಬಿಕಾ ವ್ಯಾಪಾರದಲ್ಲಿ 'ಪ್ಲಾಂಟೇಷನ್' ಎಂಬ ಹೆಸರು ಪಡೆಯುತ್ತದೆ. ಇಡೀ ಹಣ್ಣನ್ನೇ ಒಣಗಿಸಿ ಬಿಡಿಸಿದ ಬೀಜ 'ಚೆರಿ'. ತೊಳೆದ ಬೀಜದ ರುಚಿ ಸ್ವಚ್ಛ, ಹುಳಿ ಸ್ಪಷ್ಟ. ಚೆರಿಯದು ಭಾರವಾದ, ಸಿಹಿಮಿಶ್ರಿತ ರುಚಿ. 'ಎ', 'ಬಿ', 'ಸಿ' ಎಂಬ ದರ್ಜೆಗಳು ಮುಖ್ಯವಾಗಿ ಬೀಜದ ಗಾತ್ರವನ್ನು ಸೂಚಿಸುತ್ತವೆ. ಹಣ್ಣಿನಲ್ಲಿ ಒಂದೇ ಬೀಜವಿದ್ದು ದುಂಡಗಾದುದು 'ಪೀಬೆರಿ'. ದೊಡ್ಡ ಬೀಜವೆಲ್ಲ ರುಚಿಯಲ್ಲಿಯೂ ದೊಡ್ಡದೆಂದು ಭಾವಿಸಬೇಕಾಗಿಲ್ಲ. ಆದರೆ ಸಮಗಾತ್ರದ ಬೀಜಗಳು ಸಮನಾಗಿ ಹುರಿಯುತ್ತವೆ.

ಹಾಲು ಬೆರೆಸುವ ಮೊದಲನೆಯ ವಿಧಾನಕ್ಕೆ ಗಟ್ಟಿತನ ಬೇಕು. ತಂಪು, ಹಾಲು ಮತ್ತು ಸಕ್ಕರೆ ಮೂರೂ ಕಾಫಿಯ ರುಚಿಯನ್ನು ಮುಚ್ಚುವುದರಿಂದ ಪ್ಲಾಂಟೇಷನ್ ಅಥವಾ ಪೀಬೆರಿಯ ಎರಡು ಪಾಲಿಗೆ ತೊಳೆದ ರೋಬಸ್ಟಾದ ಒಂದು ಪಾಲನ್ನು ಬೆರೆಸಿ, ಕಡು ಕಂದು ಬಣ್ಣಕ್ಕೆ ಹುರಿಸುವುದು ಸೂಕ್ತ. ಪುಡಿಯು ಫಿಲ್ಟರಿಗೆ ಒಗ್ಗುವಷ್ಟು ನುಣ್ಣಗಿರಬೇಕು. ಇಲ್ಲಿ ದುಬಾರಿಯಾದ ಏಕತೋಟದ ಕಾಫಿಯನ್ನು ಬಳಸುವುದು ಅನಗತ್ಯ. ಅದರ ಸೂಕ್ಷ್ಮ ಕಂಪು ಹಾಲಿನಲ್ಲಿ ಕಾಣದೆಹೋಗುತ್ತದೆ.

ಮಂಜುಗಡ್ಡೆಯ ಮೇಲೆ ಇಳಿಸುವ ಎರಡನೆಯ ವಿಧಾನದಲ್ಲಿ ಬೀಜದ ಗುಣವೂ ದೋಷವೂ ಮುಚ್ಚುಮರೆಯಿಲ್ಲದೆ ಹೊರಬರುತ್ತವೆ. ಎತ್ತರದ ಪ್ರದೇಶದ ತೊಳೆದ ಅರೇಬಿಕಾವೇ ಇದಕ್ಕೆ ತಕ್ಕದ್ದು. ಬಾಬಾಬುಡನ್‌ಗಿರಿಯ ಅರೇಬಿಕಾ, ಚಿಕ್ಕಮಗಳೂರಿನ ಅರೇಬಿಕಾ ಮತ್ತು ಕೊಡಗಿನ ಅರೇಬಿಕಾ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದಿವೆ. ಆಂಧ್ರಪ್ರದೇಶದ ಅರಕು ಕಣಿವೆಯ ಅರೇಬಿಕಾ ಮತ್ತು ಕೇರಳದ ವಯನಾಡಿನ ರೋಬಸ್ಟಾಗೂ ಅದೇ ವರ್ಷ ಈ ಮಾನ್ಯತೆ ದೊರೆಯಿತು. ಹುರಿಯುವಿಕೆ ತಿಳಿ ಅಥವಾ ನಡುಹದದ್ದಾಗಿರಬೇಕು. ಕಪ್ಪಾಗಿ ಹುರಿದರೆ ಹೊಗೆಯ ಕಹಿಯೊಂದೇ ಉಳಿಯುತ್ತದೆ. ಪುಡಿಯು ಸಣ್ಣ ರವೆಯಂತಿದ್ದರೆ ಸಾಕು.

ಮೂರನೆಯ ವಿಧಾನಕ್ಕೆ ಹುಳಿ ಹೆಚ್ಚಿರುವ ತಿಳಿ ಹುರಿತದ ಬೀಜ ಅಷ್ಟಾಗಿ ಒಪ್ಪುವುದಿಲ್ಲ. ಅದರ ಗುಣ ಹೊರಬರಲು ಶಾಖ ಬೇಕು. ನಡುಹದ ಅಥವಾ ಅದಕ್ಕಿಂತ ತುಸು ಹೆಚ್ಚು ಹುರಿದ ಅರೇಬಿಕಾ ಚೆರಿಯು ಇದಕ್ಕೆ ಹೊಂದುತ್ತದೆ. ಮಳೆಗಾಲದ ಗಾಳಿಗೆ ಒಡ್ಡಿ ಹದಗೊಳಿಸಿದ ಮಾನ್ಸೂನ್ಡ್ ಮಲಬಾರ್ ಕಾಫಿಯೂ ಇದಕ್ಕೆ ಒಳ್ಳೆಯ ಆಯ್ಕೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಕರಾವಳಿಯ ಉಗ್ರಾಣಗಳಲ್ಲಿ ಬೀಜವನ್ನು ಹರಡಿ, ತೇವದ ಗಾಳಿ ತಾಗಿಸಲಾಗುತ್ತದೆ. ಬೀಜ ಉಬ್ಬಿ ಹೊನ್ನಿನ ಬಣ್ಣಕ್ಕೆ ತಿರುಗಿ, ಅದರ ಹುಳಿ ಇಳಿದುಹೋಗುತ್ತದೆ. ಉತ್ತಮವಾಗಿ ತೊಳೆದ ರೋಬಸ್ಟಾವನ್ನು ಕಾಲು ಭಾಗದಷ್ಟು ಸೇರಿಸಬಹುದು. ಹಾಲಿನೊಡನೆ ಕುಡಿಯುವವರಿಗೆ ಇದು ಹಿತವೆನಿಸುತ್ತದೆ. ಪುಡಿಯು ದಪ್ಪ ರವೆಯಷ್ಟು ತರಿಯಾಗಿರಬೇಕು.

ಚಿಕೋರಿಯ ವಿಚಾರ

ಚಿಕೋರಿಯು ಕಾಫಿಯಲ್ಲ, ಅದು ಒಂದು ಗಿಡದ ಬೇರು. ಅದರಲ್ಲಿ ಕೆಫೀನ್ ಇಲ್ಲ. ಕಾಫಿಗಿಂತ ಬಹಳ ಹೆಚ್ಚಿನ ಭಾಗ ನೀರಿನಲ್ಲಿ ಕರಗುವುದರಿಂದ ಅದು ಡಿಕಾಕ್ಷನ್‌ಗೆ ಬಣ್ಣವನ್ನೂ ಮಂದತೆಯನ್ನೂ ಕೊಡುತ್ತದೆ. ಹಾಲಿನ ತಂಪು ಕಾಫಿಗೆ ಶೇಕಡಾ 10ರಿಂದ 20ರಷ್ಟು ಚಿಕೋರಿ ಬಳಸುವವರಿದ್ದಾರೆ. ಉಳಿದೆರಡು ವಿಧಾನಗಳಲ್ಲಿ ಅದನ್ನು ಬಿಡುವುದೇ ಲೇಸು. ತಣ್ಣೀರಿನಲ್ಲಿ ಕಾಫಿಗಿಂತ ಮುಂಚೆ ಚಿಕೋರಿಯೇ ಕರಗಿ ಅದರ ರುಚಿ ಮೇಲುಗೈ ಪಡೆಯುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿಯು ಕನಿಷ್ಠ ಶೇಕಡಾ 51ರಷ್ಟು ಇರಬೇಕೆಂಬುದು ಮತ್ತು ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ಮುದ್ರಿಸಬೇಕೆಂಬುದು ಕಾನೂನಿನ ನಿಯಮ. ಕೊಳ್ಳುವ ಮೊದಲು ಇದನ್ನು ಓದಿಕೊಳ್ಳಬೇಕು.

ನೀರು, ಮಂಜುಗಡ್ಡೆ ಮತ್ತು ಶುಚಿತ್ವ

ಲೋಟದ ಕಾಫಿಯಲ್ಲಿ ನೂರಕ್ಕೆ ತೊಂಬತ್ತೆಂಟು ಭಾಗಕ್ಕೂ ಹೆಚ್ಚು ನೀರೇ ಇರುತ್ತದೆ. ಕಡಲತೀರದ ಚೆನ್ನೈನ ಅನೇಕ ಬಡಾವಣೆಗಳಲ್ಲಿ ಕೊಳವೆಬಾವಿಯ ನೀರು ಗಡಸು ಅಥವಾ ಉಪ್ಪಾಗಿರುತ್ತದೆ. ಗಡಸು ನೀರಿನ ಕ್ಷಾರಗುಣವು ಕಾಫಿಯ ಹುಳಿಯನ್ನು ಅಡಗಿಸಿ ಅದನ್ನು ಸಪ್ಪೆಯಾಗಿಸುತ್ತದೆ. ಹೆಚ್ಚಿನ ಬೆಲೆಯ ಅರೇಬಿಕಾ ತಂದೂ ರುಚಿ ಬರಲಿಲ್ಲವೆಂದರೆ ದೋಷ ಹಲವು ವೇಳೆ ನೀರಿನದು.

ರುಚಿಗಿಂತ ದೊಡ್ಡದು ಆರೋಗ್ಯ. ಬಿಸಿ ಕಾಫಿಯಲ್ಲಿ ಕುದಿದ ನೀರು ರೋಗಾಣುಗಳನ್ನು ನಾಶಪಡಿಸುತ್ತದೆ. ತಣ್ಣೀರಿನ ವಿಧಾನದಲ್ಲಿ ಆ ಹಂತವೇ ಇಲ್ಲ. ಮಂಜುಗಡ್ಡೆಯ ಶೀತವು ರೋಗಾಣುಗಳನ್ನು ಕೊಲ್ಲುವುದಿಲ್ಲ. ಅವುಗಳ ಬೆಳವಣಿಗೆಯನ್ನು ತಡೆಹಿಡಿಯುತ್ತದೆ, ಅಷ್ಟೆ. ಕರಗಿದೊಡನೆ ಅವು ಮತ್ತೆ ಚುರುಕಾಗುತ್ತವೆ. ಬೇಸಿಗೆಯಲ್ಲಿ ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆಯಂತಹ ರೋಗಗಳು ಹರಡಲು ಅಶುದ್ಧ ನೀರಿನ ಮಂಜುಗಡ್ಡೆಯೂ ಒಂದು ಮಾರ್ಗ. ಮೀನು ಸಂರಕ್ಷಣೆಗಾಗಿ ತಯಾರಾಗುವ ಮಂಜುಗಡ್ಡೆಯನ್ನು ಪಾನೀಯಕ್ಕೆ ಎಂದಿಗೂ ಬಳಸಬಾರದು.

ಆದುದರಿಂದ ಈ ಕೆಳಗಿನ ನಿಯಮಗಳನ್ನು ಪಾಲಿಸುವುದು ಅವಶ್ಯ:

1. ನೆನೆಸುವ ನೀರನ್ನೂ ಮಂಜುಗಡ್ಡೆಯ ನೀರನ್ನೂ ಚೆನ್ನಾಗಿ ಕುದಿಸಿ, ಮುಚ್ಚಿ ಆರಿಸಿ ಬಳಸಬೇಕು.

2. ಪಾತ್ರೆ, ಸೋಸುವ ಬಟ್ಟೆ ಮತ್ತು ಬಾಟಲಿಗಳನ್ನು ಕುದಿಯುವ ನೀರಿನಲ್ಲಿ ತೊಳೆಯಬೇಕು.

3. ಚೆನ್ನೈನ ಕೋಣೆಯ ಉಷ್ಣತೆಯು ಬೇಸಿಗೆಯಲ್ಲಿ 30 ಡಿಗ್ರಿಗೂ ಹೆಚ್ಚು. ತಂಪು ದೇಶಗಳಲ್ಲಿ ಮಾಡುವಂತೆ ಕಾಫಿಯನ್ನು ಅಡುಗೆಮನೆಯ ಕಟ್ಟೆಯ ಮೇಲೆ ರಾತ್ರಿಯಿಡೀ ನೆನೆಯಲು ಬಿಡಬಾರದು, ಫ್ರಿಜ್‌ನಲ್ಲಿಯೇ ಇಡಬೇಕು.

4. ಸೋಸಿದ ರಸವನ್ನು ಫ್ರಿಜ್‌ನಲ್ಲಿಟ್ಟು ಮೂರು ನಾಲ್ಕು ದಿನಗಳೊಳಗೆ ಮುಗಿಸಬೇಕು. ಹಾಲು ಬೆರೆಸಿದ ಕಾಫಿಯನ್ನು ಅಂದೇ ಕುಡಿಯಬೇಕು. ವಿದ್ಯುತ್ ಬಹಳ ಹೊತ್ತು ಕಡಿತಗೊಂಡಿದ್ದರೆ ಉಳಿದದ್ದನ್ನು ಚೆಲ್ಲುವುದೇ ಸುರಕ್ಷಿತ.

ಮಿತಿಯ ಅರಿವು

ತಂಪು ಕಾಫಿಯು ಮೃದುವಾಗಿರುವುದರಿಂದ ಅದು ಶಕ್ತಿಯಲ್ಲಿಯೂ ಸೌಮ್ಯವೆಂದು ತಿಳಿಯಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯೊಡನೆ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯು ದಿನಕ್ಕೆ 300 ಮಿಲಿಗ್ರಾಂ ಕೆಫೀನ್ ಮಿತಿಯನ್ನು ಮೀರಬಾರದೆಂದು ತಿಳಿಸಿದೆ. ಹನ್ನೆರಡೂವರೆ ಗ್ರಾಂ ಅರೇಬಿಕಾ ಪುಡಿಯಲ್ಲಿ ಸುಮಾರು 150 ಮಿಲಿಗ್ರಾಂ ಕೆಫೀನ್ ಇರುತ್ತದೆ. ಅಷ್ಟೇ ರೋಬಸ್ಟಾ ಪುಡಿಯಲ್ಲಿ ಅದು 275 ಮಿಲಿಗ್ರಾಂ ಸಮೀಪಿಸುತ್ತದೆ. ಅದರಲ್ಲಿ ಬಹುಪಾಲು ರಸಕ್ಕೆ ಇಳಿಯುತ್ತದೆ. ಅಂದರೆ ಬರಿಯ ರೋಬಸ್ಟಾದಿಂದ ಮಾಡಿದ ಗಟ್ಟಿ ರಸದ ಒಂದೇ ಲೋಟದಿಂದ ದಿನದ ಮಿತಿಯ ಬಳಿಗೆ ತಲುಪಬಹುದು. ಗರ್ಭಿಣಿಯರು, ನಿದ್ರಾಹೀನತೆ ಅಥವಾ ರಕ್ತದ ಒತ್ತಡದಿಂದ ಬಳಲುವವರು ವೈದ್ಯರ ಸಲಹೆ ಪಡೆಯುವುದು ಒಳಿತು. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಅನಂತರ ಕಾಫಿ ಸೇವಿಸದಿದ್ದರೆ ಆಹಾರದ ಕಬ್ಬಿಣದ ಅಂಶ ಶರೀರಕ್ಕೆ ಸರಿಯಾಗಿ ಒದಗುತ್ತದೆ.

ಕೊಳ್ಳುವವರ ಆಯ್ಕೆ, ಬೆಳೆಗಾರರ ಬದುಕು

ಬಹಳ ವರ್ಷಗಳ ಕಾಲ ಬೆಳೆಗಾರರು ತಮ್ಮ ಕಾಫಿಯನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ ಒಪ್ಪಿಸಬೇಕಾಗಿತ್ತು. 1992ರಿಂದ ಈ ವ್ಯವಸ್ಥೆಯನ್ನು ಹಂತಹಂತವಾಗಿ ಸಡಿಲಿಸಲಾಯಿತು. 1996ರಿಂದ ಮಾರಾಟ ಸಂಪೂರ್ಣ ಮುಕ್ತವಾಯಿತು. ಅಂದಿನಿಂದ ಯಾವ ತೋಟದ, ಯಾವ ಸಂಸ್ಕರಣೆಯ ಬೀಜ ಎಂಬುದನ್ನು ಕೇಳಿ ಕೊಳ್ಳುವ ಅವಕಾಶ ಬಳಕೆದಾರರಿಗೆ ದೊರೆತಿದೆ. ದೇಶದ ಕಾಫಿ ಹಿಡುವಳಿಗಳಲ್ಲಿ ಶೇಕಡಾ 98ಕ್ಕೂ ಹೆಚ್ಚು ಸಣ್ಣ ಬೆಳೆಗಾರರದು. ಹಣ್ಣನ್ನು ಆರಿಸಿ ಕೊಯ್ದು, ಜಾಗರೂಕತೆಯಿಂದ ತೊಳೆದು ಒಣಗಿಸಿದ ಬೀಜಕ್ಕೆ ಒಳ್ಳೆಯ ಬೆಲೆ ಸಿಗಬೇಕಾದರೆ ಅದನ್ನು ಗುರುತಿಸುವ ಕೊಳ್ಳುಗರು ಇರಬೇಕು.

ಮೈಲಾಪುರ, ತ್ಯಾಗರಾಯನಗರ ಮೊದಲಾದೆಡೆ ಕೇಳಿದ ಹದಕ್ಕೆ ಬೀಜ ಹುರಿದು, ಎದುರಿಗೇ ಪುಡಿ ಮಾಡಿಕೊಡುವ ಅಂಗಡಿಗಳಿವೆ. ಅಲ್ಲಿ ಪುಡಿಯ ಬಣ್ಣವನ್ನಷ್ಟೇ ನೋಡದೆ ತಳಿ, ಸಂಸ್ಕರಣೆ, ಹುರಿತದ ದಿನ ಮತ್ತು ಚಿಕೋರಿಯ ಪ್ರಮಾಣವನ್ನು ವಿಚಾರಿಸಬೇಕು. ಯಾವ ವಿಧಾನಕ್ಕೆ ಎಂಬುದನ್ನು ತಿಳಿಸಿ ಅದಕ್ಕೆ ತಕ್ಕಂತೆ ಪುಡಿ ಮಾಡಿಸಬೇಕು. ತೇವದ ಹವೆಯಲ್ಲಿ ಪುಡಿ ಬೇಗ ಕೆಡುವುದರಿಂದ ವಾರಕ್ಕೆ ಬೇಕಾದಷ್ಟನ್ನೇ ತಂದು, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು.

ಸಂಕ್ಷಿಪ್ತವಾಗಿ ಹೇಳುವುದಾದರೆ, ಹಾಲಿನ ತಂಪು ಕಾಫಿಗೆ ಕಡುವಾಗಿ ಹುರಿದ ಮಿಶ್ರಣ ಮತ್ತು ನುಣ್ಣನೆಯ ಪುಡಿ. ಮಂಜುಗಡ್ಡೆಯ ಮೇಲೆ ಇಳಿಸುವ ಕಾಫಿಗೆ ತಿಳಿಯಾಗಿ ಹುರಿದ, ತೊಳೆದ ಅರೇಬಿಕಾ ಮತ್ತು ಸಣ್ಣ ರವೆಯ ಪುಡಿ. ತಣ್ಣೀರಿನಲ್ಲಿ ನೆನೆಸುವ ಕಾಫಿಗೆ ನಡುಹದದ ಚೆರಿ ಅಥವಾ ಮಾನ್ಸೂನ್ಡ್ ಬೀಜ ಮತ್ತು ತರಿಯಾದ ಪುಡಿ. ಶುದ್ಧವಾದ ನೀರು ಮೂರಕ್ಕೂ ಸಮಾನ. ಇಷ್ಟನ್ನು ಗಮನದಲ್ಲಿರಿಸಿಕೊಂಡರೆ ಬೇಸಿಗೆಯ ಮಧ್ಯಾಹ್ನದ ಒಂದು ಲೋಟ ತಂಪು ಕಾಫಿಯು ಕುಡಿಯುವವರಿಗೆ ಹಿತವನ್ನೂ, ಘಟ್ಟದ ತೋಟದಲ್ಲಿ ದುಡಿದವರಿಗೆ ಶ್ರಮದ ಫಲವನ್ನೂ ತರಬಲ್ಲದು.